ಇಂಧನದ ದರ ಮತ್ತು ಇಂಧನದ ವೆಚ್ಚ

ದರಪಟ್ಟಿಯನ್ನು ನೋಡಿ ಕಚ್ಚಾ ವಸ್ತುವಿನ ಖರೀದಿಯನ್ನು ನಿರ್ಧರಿಸುವುದು ನಮ್ಮ ಸಣ್ಣ ಉದ್ದಿಮೆಗಳಲ್ಲಿ ರೂಢಿ. ಆದರೆ ದರವು ವೆಚ್ಚದ ಒಂದು ಅಂಶ ಮಾತ್ರ. ಇದಕ್ಕೆ ರಾಕೆಟ್ ಇಂಧನದ ಕ್ಷೇತ್ರದಲ್ಲಿ ಉತ್ತಮ ನಿದರ್ಶನವೊಂದಿದೆ.

ಉಪಗ್ರಹವನ್ನು ಕಕ್ಷೆಯಲ್ಲಿ ಸರಿಹೊಂದಿಸುವ ಸಣ್ಣ ಎಂಜಿನ್‌ಗಳಲ್ಲಿ ಹೈಡ್ರಜೀನ್ ದಶಕಗಳಿಂದ ಬಳಕೆಯಲ್ಲಿದೆ. ಅದು ನಂಬಿಕಸ್ಥ, ಆದರೆ ತೀವ್ರ ವಿಷಕಾರಿ. ಅದನ್ನು ತುಂಬುವವರು ಉಸಿರಾಟದ ವ್ಯವಸ್ಥೆಯುಳ್ಳ ಪೂರ್ಣ ರಕ್ಷಣಾ ಉಡುಪನ್ನು ಧರಿಸಬೇಕಾಗುತ್ತದೆ.

ಇದಕ್ಕೆ ಪರ್ಯಾಯವಾಗಿ ಬಂದ ಸಂಯುಕ್ತಗಳಲ್ಲಿ ಅಮೋನಿಯಂ ಡೈನೈಟ್ರಮೈಡ್ ಮುಖ್ಯವಾದುದು. 1971ರಲ್ಲಿ ಸೋವಿಯತ್ ಒಕ್ಕೂಟದಲ್ಲಿ ಮೊದಲು ತಯಾರಾದ ಇದು ಬಹುಕಾಲ ರಹಸ್ಯವಾಗಿಯೇ ಉಳಿದಿತ್ತು. ಮುಂದೆ ಸ್ವೀಡನ್ ದೇಶದವರು ಇದಕ್ಕೆ ಮೆಥನಾಲ್, ಅಮೋನಿಯ ಹಾಗೂ ನೀರನ್ನು ಬೆರೆಸಿ ‘ಎಲ್‌ಎಂಪಿ-103ಎಸ್’ ಎಂಬ ದ್ರವ ಇಂಧನವನ್ನು ಸಿದ್ಧಪಡಿಸಿದರು. 2010ರ ಜೂನ್‌ನಲ್ಲಿ ಉಡಾವಣೆಯಾದ ಅವರ ‘ಪ್ರಿಸ್ಮಾ’ ಉಪಗ್ರಹದಲ್ಲಿ ಎರಡೂ ಇಂಧನಗಳಿದ್ದುದರಿಂದ ನೇರ ಹೋಲಿಕೆ ಸಾಧ್ಯವಾಯಿತು.

ದಕ್ಷತೆಯ ಲೆಕ್ಕ: ಕಿಲೋಗ್ರಾಂ ಒಂದಕ್ಕೆ ಹೊಸ ಇಂಧನವು ನೀಡುವ ನೂಕುಬಲದ ಲಾಭ ಸುಮಾರು ಶೇ. 6 ಹೆಚ್ಚು. ಸಾಂದ್ರತೆಯು ಸುಮಾರು ಶೇ. 24 ಹೆಚ್ಚು. ಹೀಗಾಗಿ ಲೀಟರ್ ಲೆಕ್ಕದಲ್ಲಿ 1.06 × 1.24 = 1.31, ಅಂದರೆ ಅದೇ ಅಳತೆಯ ತೊಟ್ಟಿಯಿಂದ ಸುಮಾರು ಶೇ. 30 ಅಧಿಕ ಕೆಲಸ.

ವೆಚ್ಚದ ಲೆಕ್ಕ: ಖರ್ಚಿನ ಬದಿಯನ್ನು ಮರೆಯುವಂತಿಲ್ಲ. ಹೊಸ ಇಂಧನದ ದರ ಹೆಚ್ಚು. ಉರಿಯುವಾಗಿನ ಉಷ್ಣತೆ ಸುಮಾರು 1,600 ಡಿಗ್ರಿ ಸೆಲ್ಸಿಯಸ್ ಆದುದರಿಂದ ಎಂಜಿನ್ನಿಗೆ ದುಬಾರಿ ಲೋಹಗಳು ಬೇಕು. ಚಾಲನೆಗೆ ಮುನ್ನ ಅದನ್ನು ಕಾಯಿಸಲೂಬೇಕು. ಉಳಿತಾಯದ ಬದಿಯಲ್ಲಿ, ಅದನ್ನು ವಿಮಾನದಲ್ಲಿ ಸಾಗಿಸಲು ಅನುಮತಿ ದೊರೆಯಿತು. ತುಂಬುವ ಕೆಲಸಕ್ಕೆ ಕಡಿಮೆ ಜನ, ಕಡಿಮೆ ದಿನಗಳು ಸಾಕಾದವು. ಇಂಧನದ ಪ್ರಮಾಣ ಅಲ್ಪವಾಗಿರುವ ಸಣ್ಣ ಉಪಗ್ರಹಗಳಲ್ಲಿ ದರದ ವ್ಯತ್ಯಾಸಕ್ಕಿಂತ ಈ ನಿರ್ವಹಣೆಯ ಉಳಿತಾಯವೇ ದೊಡ್ಡದಾಗಬಲ್ಲದು. ಬೆಂಗಳೂರಿನ ಬೆಲಾಟ್ರಿಕ್ಸ್ ಏರೋಸ್ಪೇಸ್ ಸಂಸ್ಥೆಯು ‘ರುದ್ರ’ ಎಂಬ ಹಸಿರು ಇಂಧನದ ಎಂಜಿನ್ನನ್ನು 2024ರ ಜನವರಿ 1ರ ಪಿಎಸ್‌ಎಲ್‌ವಿ-ಸಿ58 ಉಡಾವಣೆಯಲ್ಲಿ ಬಾಹ್ಯಾಕಾಶಕ್ಕೆ ಕಳುಹಿಸಿತು.

ನಮಗಿರುವ ಪಾಠ: ಅಪಾಯಕಾರಿ ದ್ರಾವಕ, ಆಮ್ಲ ಅಥವಾ ಬಣ್ಣವನ್ನು ಬಳಸುವ ಘಟಕಗಳಲ್ಲಿ ಕೈಗವಸು, ವಿಮೆ, ಪ್ರತ್ಯೇಕ ದಾಸ್ತಾನು ಕೊಠಡಿ, ತ್ಯಾಜ್ಯ ವಿಲೇವಾರಿ, ಕಾರ್ಮಿಕರ ವೈದ್ಯಕೀಯ ವೆಚ್ಚಗಳೆಲ್ಲವೂ ಸಾಮಾನ್ಯವಾಗಿ ‘ಇತರೆ ಖರ್ಚು’ ಖಾತೆಗೆ ಸೇರಿಹೋಗುತ್ತವೆ. ಆದ್ದರಿಂದಲೇ ಅಗ್ಗದ ವಸ್ತು ಕೊನೆಯವರೆಗೂ ಅಗ್ಗವಾಗಿಯೇ ತೋರುತ್ತದೆ. ಈ ವೆಚ್ಚಗಳನ್ನು ಆಯಾ ವಸ್ತುವಿನ ಹೆಸರಿನಲ್ಲಿಯೇ ಬರೆದು, ಉತ್ಪನ್ನದ ಒಂದು ಘಟಕಕ್ಕೆ ತಗಲುವ ಒಟ್ಟು ವೆಚ್ಚವನ್ನು ಕಂಡುಕೊಳ್ಳಬೇಕು. ಕಾರ್ಮಿಕನ ಆರೋಗ್ಯವು ಯಾವ ಖಾತೆಗೂ ಪೂರ್ತಿಯಾಗಿ ಇಳಿಯದ ಬಾಬ್ತು ಎಂಬುದನ್ನೂ ಉದ್ಯಮಿಗಳು ನೆನಪಿನಲ್ಲಿಡುವುದು ಒಳಿತು.