ನೋವನ್ನರಿಯದ ಪಾದಗಳು

ಮುಳ್ಳು ತಾಗಿದೊಡನೆ ನಾವು ಕಾಲನ್ನು ಮೇಲೆತ್ತುತ್ತೇವೆ. ಬಹುದೂರ ನಡೆದು ಅಂಗಾಲು ಉರಿಯತೊಡಗಿದರೆ, ನಮಗರಿವಿಲ್ಲದೆಯೇ ದೇಹದ ಭಾರವನ್ನು ಪಾದದ ಇನ್ನೊಂದು ಪಕ್ಕಕ್ಕೆ ಹಾಕಿ ಕುಂಟುತ್ತೇವೆ. ನೋವು ಹೀಗೆ ಕಾವಲುಗಾರನಂತೆ ಪಾದಗಳನ್ನು ಕಾಯುತ್ತಿರುತ್ತದೆ. ಕುಷ್ಠರೋಗದಿಂದ ಕಾಲಿನ ನರಗಳು ನಾಶವಾದವರಿಗೆ ಈ ಕಾವಲಿಲ್ಲ. ಚಪ್ಪಲಿಯೊಳಗೆ ಸೇರಿದ ಹರಳು ದಿನವಿಡೀ ಒತ್ತಿದರೂ ಅವರಿಗೆ ತಿಳಿಯದು.

ಇಂಥವರ ಪಾದದಲ್ಲಿ ಏಳುವ ಹುಣ್ಣುಗಳಿಗೆ ರೋಗವೇ ನೇರವಾದ ಕಾರಣವೆಂದು ಬಹುಕಾಲ ಜನರು ನಂಬಿದ್ದರು. 1946ರಲ್ಲಿ ವೇಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿಗೆ ಬಂದ ಶಸ್ತ್ರವೈದ್ಯ ಪಾಲ್ ಬ್ರ್ಯಾಂಡ್ ಈ ನಂಬಿಕೆಯನ್ನು ಒಪ್ಪಲಿಲ್ಲ. ಹುಣ್ಣಿಗೆ ಕಾರಣ ಗಾಯ. ಅದರಲ್ಲಿಯೂ ನಡೆಯುವಾಗ ಒಂದೇ ಜಾಗದ ಮೇಲೆ ಸಾವಿರಾರು ಸಲ ಬೀಳುವ ಸಣ್ಣ ಒತ್ತಡ ಎಂಬುದನ್ನು ಅವರೂ ಅವರ ಸಂಗಡಿಗರೂ ತೋರಿಸಿಕೊಟ್ಟರು. ಒತ್ತಡವನ್ನು ಹಂಚಿದರೆ ಹುಣ್ಣನ್ನು ತಡೆಯಬಹುದು ಎಂದಾಯಿತು.

ಸೂಕ್ಷ್ಮರಂಧ್ರಗಳುಳ್ಳ ಮೆದು ರಬ್ಬರಿನ ಚಪ್ಪಲಿ ಬಳಕೆಗೆ ಬಂದದ್ದು ಈ ಅರಿವಿನಿಂದ. ಎಂ.ಸಿ.ಆರ್. ಚಪ್ಪಲಿ ಎಂದು ಅದನ್ನು ಕರೆಯುತ್ತಾರೆ. ಪಾದ ತಾಗುವೆಡೆ ಮೆತ್ತೆ; ಅದರಡಿಯಲ್ಲಿ ಮುಳ್ಳು ದಾಟದಂಥ ಗಟ್ಟಿ ಅಟ್ಟೆ. ಮೊಳೆ ಹೊಡೆಯುವಂತಿಲ್ಲ, ಬಾರುಗಳನ್ನು ಹೊಲಿದೋ ಅಂಟಿಸಿಯೋ ಕೂಡಿಸಬೇಕು. ಕಾಲಿನಿಂದ ಜಾರಿದರೂ ಅರಿವಾಗದಾದ್ದರಿಂದ ಹಿಮ್ಮಡಿಯ ಹಿಂದೆಯೂ ಒಂದು ಬಾರು ಬೇಕು.

ಆದರೆ ಚಪ್ಪಲಿಯನ್ನು ಪಡೆದುಕೊಂಡ ಮಾತ್ರಕ್ಕೆ ಪಾದ ಉಳಿಯದು. ಹೊಸ ಜೊತೆಯನ್ನು ಮೊದಲ ದಿನ ಸ್ವಲ್ಪ ಹೊತ್ತು ಮಾತ್ರ ಮೆಟ್ಟಿ, ಕಳಚಿ, ಚರ್ಮ ಎಲ್ಲಿಯಾದರೂ ಕೆಂಪಾಗಿದೆಯೇ, ಬಿಸಿಯೇರಿದೆಯೇ ಎಂದು ನೋಡಬೇಕು. ದಿನದಿಂದ ದಿನಕ್ಕೆ ಹೊತ್ತನ್ನು ಹೆಚ್ಚಿಸಬೇಕು. ಮೆತ್ತೆ ತುಳಿತದಿಂದ ಚಪ್ಪಟೆಯಾಗಿ ಗಟ್ಟಿಯಾದಾಗ ಅದನ್ನು ಬದಲಾಯಿಸಲೇಬೇಕು. ನೋಡಲು ಚೆನ್ನಾಗಿಯೇ ಇದೆಯೆಂದು ಹಳೆಯದನ್ನೇ ಎಳೆದಾಡಿದರೆ ಬರಿಗಾಲಿನಲ್ಲಿ ನಡೆದಂತೆಯೇ ಸರಿ.

ನಮ್ಮ ನಾಡಿನಲ್ಲಿ ಇನ್ನೊಂದು ತೊಡಕಿದೆ. ಪಾದರಕ್ಷೆಯನ್ನು ಹೊಸ್ತಿಲಾಚೆ ಬಿಡುವುದು ನಮ್ಮ ಸಂಪ್ರದಾಯ. ಹೊಲಕ್ಕೆ ಮೆಟ್ಟಿಹೋದ ಚಪ್ಪಲಿಯನ್ನು ಬಾಗಿಲಲ್ಲಿ ಕಳಚಿದಾಕೆ ಅಡುಗೆಮನೆಯಲ್ಲಿ ಬರಿಗಾಲಿನಲ್ಲಿ ಓಡಾಡುತ್ತಾಳೆ. ಒಲೆಯ ಕೆಂಡ ತುಳಿದರೂ ಆಕೆಗೆ ತಿಳಿಯುವುದಿಲ್ಲ. ಮನೆಯೊಳಗಿನ ಬಳಕೆಗೆಂದೇ ಶುಚಿಯಾದ ಇನ್ನೊಂದು ಜೊತೆಯನ್ನು ಇಟ್ಟುಕೊಂಡರೆ ಆಚಾರಕ್ಕೂ ಕುಂದಿಲ್ಲ, ಪಾದಕ್ಕೂ ಕೇಡಿಲ್ಲ. ಇದಕ್ಕಿಂತ ಕಠಿಣವಾದುದು ಜನರ ನೋಟ. ಎಲ್ಲ ಜೊತೆಗಳೂ ಒಂದೇ ಬಣ್ಣ, ಒಂದೇ ಆಕಾರದಲ್ಲಿದ್ದರೆ ಚಪ್ಪಲಿಯೇ ರೋಗದ ಹೆಸರನ್ನು ಬೀದಿಯಲ್ಲಿ ಸಾರುತ್ತದೆ. ರೋಗ ಗುಣವಾಗಿದ್ದವರೂ ನಾಚಿ ಅದನ್ನು ಮೂಲೆಗೆಸೆದರೆ ತಪ್ಪು ಅವರದೆನ್ನಲಾದೀತೆ? ಅಂಗಡಿಯ ಚಪ್ಪಲಿಯಂತೆಯೇ ಕಾಣುವ ಹಾಗೆ ಅದನ್ನು ಹೊಲಿಯಬಲ್ಲ ಕುಶಲಕರ್ಮಿಯು ವೈದ್ಯನಷ್ಟೇ ಉಪಕಾರಿ.

ಔಷಧಿಯಿಂದ ರೋಗಾಣುಗಳು ಸತ್ತರೂ ಬಹುಕಾಲ ಜಡವಾದ ನರಗಳು ಸಾಮಾನ್ಯವಾಗಿ ಮರಳಿ ಎಚ್ಚರಗೊಳ್ಳುವುದಿಲ್ಲ. ಆದುದರಿಂದ ಈ ಚಪ್ಪಲಿ ಜೀವಮಾನದ ಸಂಗಾತಿ. ಮಧುಮೇಹದಿಂದ ಪಾದ ಜಡವಾದವರಿಗೂ ಇಂಥ ಪಾದರಕ್ಷೆಗಳನ್ನು ವೈದ್ಯರು ಸೂಚಿಸುತ್ತಾರೆ. ರಾತ್ರಿ ಮಲಗುವ ಮುನ್ನ ಅಂಗಾಲಿಗೆ ಕನ್ನಡಿ ಹಿಡಿದು ನೋಡಬೇಕು; ದೃಷ್ಟಿ ಮಂದವಾಗಿದ್ದರೆ ಮನೆಯ ಮಕ್ಕಳು ಬೆರಳುಗಳ ಸಂದು ಬಿಡಿಸಿ ನೋಡಿ ಹೇಳಬಹುದು.