ಸಮಗ್ರ ಅರ್ಥಶಾಸ್ತ್ರದ ಹೊಸ ವಿದ್ಯಾರ್ಥಿಗೆ
ಈ ಶಾಸ್ತ್ರವನ್ನು ಕಲಿಯಹೊರಟವರಿಂದ ನಾವು ಅಪೇಕ್ಷಿಸುವುದು ಮೂರು: ಪಾಠಕ್ಕೆ ತಪ್ಪದೆ ಬರಬೇಕು, ಲೆಕ್ಕವನ್ನು ಸ್ವತಃ ಮಾಡಬೇಕು, ಮನೆಗೆ ಹಿತವಾದುದೆಲ್ಲ ದೇಶಕ್ಕೂ ಹಿತವೆಂದು ಭಾವಿಸಬಾರದು.

ಕೊನೆಯದನ್ನು ನಿದರ್ಶನದಿಂದ ವಿಶದಪಡಿಸೋಣ. ಕೃಷ್ಣರಾಜಪುರದ ಬಳಿ 1948ರಲ್ಲಿ ದೂರವಾಣಿ ಕಾರ್ಖಾನೆ ಸ್ಥಾಪಿತವಾಯಿತು. ಅಂಥ ಕಾರ್ಖಾನೆಯ ಕೆಲಸಗಾರನೊಬ್ಬನು 100 ರೂಪಾಯಿ ಸಂಬಳದಲ್ಲಿ 80ನ್ನು ಸಂತೆಯಲ್ಲಿ ವೆಚ್ಚಮಾಡಿದನೆನ್ನೋಣ. ಅದು ವ್ಯಾಪಾರಿಯ ವರಮಾನ. ಅವನೂ ಐದರಲ್ಲಿ ನಾಲ್ಕು ಪಾಲು ವೆಚ್ಚಮಾಡಿದರೆ ಮತ್ತೊಬ್ಬನಿಗೆ 64. ಹೀಗೆಯೇ ಸಾಗಿದರೆ ಒಟ್ಟು ವರಮಾನ 500ನ್ನು ಸಮೀಪಿಸುತ್ತದೆ. ಇದೇ ಗುಣಕ.

ಎಲ್ಲರೂ ಅರ್ಧವನ್ನು ಪೆಟ್ಟಿಗೆಯಲ್ಲಿ ಕೂಡಿಟ್ಟರೆ ಮೊತ್ತವು 200ಕ್ಕೆ ಇಳಿಯುತ್ತದೆ. ಒಬ್ಬನ ಮಿತವ್ಯಯ ವಿವೇಕ. ಏಕಕಾಲದಲ್ಲಿ ಎಲ್ಲರದೂ ಆದರೆ ಹಲವರ ಜೀವನೋಪಾಯಕ್ಕೆ ಕುತ್ತು. ತೆರಿಗೆ, ಹೊರಗಿನ ಸರಕುಗಳಿಗೆ ಹೋಗುವ ಹಣವೂ ಗುಣಕವನ್ನು ಕುಗ್ಗಿಸುತ್ತದೆ. ವಾಚಕರು ಲೆಕ್ಕವನ್ನು ತಾವೇ ಮಾಡಿನೋಡಲಿ.