ತೆರೆದ ಜೀಪಿಗೆ ಉಕ್ಕಿನ ಪಂಜರ

— ಅಂತಿಮ ಬಿ.ಎ. ವಿದ್ಯಾರ್ಥಿ, ಕಾಗದನಗರ

ಕಲಾ ವಿಭಾಗದ ವಿದ್ಯಾರ್ಥಿಯೊಬ್ಬನು ಪೈಪು, ಬೋಲ್ಟು, ವೆಲ್ಡಿಂಗುಗಳ ವಿಷಯವಾಗಿ ಲೇಖನ ಬರೆಯುವುದು ವಾಚಕರಿಗೆ ವಿಚಿತ್ರವಾಗಿ ಕಾಣಬಹುದು. ನಾನು ಓದುತ್ತಿರುವುದು ಇತಿಹಾಸ ಮತ್ತು ಅರ್ಥಶಾಸ್ತ್ರ, ಯಂತ್ರಶಾಸ್ತ್ರವಲ್ಲ. ಆದರೆ ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ನನ್ನ ತಂದೆಯವರು ಇಲ್ಲಿಯ ಕಾಗದದ ಕಾರ್ಖಾನೆಯಲ್ಲಿ, ಅದು 2015ರಲ್ಲಿ ಉತ್ಪಾದನೆ ನಿಲ್ಲಿಸುವವರೆಗೆ, ಗುತ್ತಿಗೆ ಕೂಲಿಯಾಗಿ ದುಡಿದವರು. ಓದಿದ್ದು ನಾಲ್ಕನೆಯ ತರಗತಿ. ಇಂಥ ಮನೆಯಲ್ಲಿ ಓದಿದ ಹುಡುಗನಿಗೆ ಒಂದು ಹೊಣೆ ತಾನಾಗಿಯೇ ಅಂಟಿಕೊಳ್ಳುತ್ತದೆ. ಬ್ಯಾಂಕಿನ ಪತ್ರ, ಆಸ್ಪತ್ರೆಯ ಚೀಟಿ, ಪಹಣಿ ಎಲ್ಲವೂ ಅವನ ಮುಂದೆ ಬಂದು ಬೀಳುತ್ತವೆ. ಕಳೆದ ಬೇಸಗೆಯಲ್ಲಿ ಹಾಗೆ ಬಂದದ್ದು ಚಿಕ್ಕಪ್ಪನವರ ಜೀಪು.

ಚಿಕ್ಕಪ್ಪ ತೋಟಗಳಿಗೆ ಗೊಬ್ಬರ, ಅಡಿಕೆಗೊನೆ ಸಾಗಿಸಿ ಜೀವನ ಮಾಡುವವರು. ಮೂರು ವರ್ಷದ ಹಿಂದೆ ಆಷಾಢದ ಮಳೆಯಲ್ಲಿ ಅವರ ತೆರೆದ ಜೀಪು ತೋಟದ ಏರಿಯಿಂದ ಜಾರಿ ಒಂದು ಸುತ್ತು ಮಗುಚಿತು. ಮೇಲಿನ ಕ್ಯಾನ್‌ವಾಸನ್ನು ಹಿಡಿದಿದ್ದ ಕಂಬಿಗಳು ಕೊಡೆಯ ಕಡ್ಡಿಗಳಂತೆ ಮಡಚಿಕೊಂಡವು. ಮುಂದಿನ ಗಾಜಿನ ಚೌಕಟ್ಟು ಬಾನೆಟ್ಟಿನ ಮೇಲೆ ಮಲಗಿತು. ಹೊರಕ್ಕೆ ಎಸೆಯಲ್ಪಟ್ಟ ಚಿಕ್ಕಪ್ಪ ಬದುಕಿದರು. ಆದರೆ ಅವರ ಬಲಗೈ ಇಂದಿಗೂ ಭುಜಕ್ಕಿಂತ ಮೇಲೆ ಏಳುವುದಿಲ್ಲ. ಈಗ ಮತ್ತೊಂದು ಹಳೆಯ ಜೀಪು ಕೊಂಡಿದ್ದಾರೆ. “ಈ ಸಲ ರೋಲ್ ಕೇಜ್ ಹಾಕಿಸೋಣ ಅಂತಿದೀನಿ. ಅದೇನು, ಎಂಥದು ಅಂತ ನೀನು ಓದಿ ಹೇಳಪ್ಪ” ಎಂದರು. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತಾಯಿತು ಎನ್ನಬಹುದು. ಆದರೆ ಕೋಟೆಯಲ್ಲಿ ಇನ್ನೂ ಜನರಿದ್ದಾರಲ್ಲ! ಆದಕಾರಣ ಓದಿದೆ, ಗ್ಯಾರೇಜಿನಲ್ಲಿ ನಿಂತು ನೋಡಿದೆ. ತಿಳಿದಷ್ಟನ್ನು ಇಲ್ಲಿ ಬರೆದಿದ್ದೇನೆ.

ಜೀಪು ಮಗುಚುವುದೇಕೆ?

ಪಕ್ಕಕ್ಕೆ ವಾಲಿದ ವಾಹನದ ಗುರುತ್ವಕೇಂದ್ರವು ಕೆಳಬದಿಯ ಚಕ್ರದ ನೇರಕ್ಕಿಂತ ಹೊರಗೆ ಹೋದ ಕ್ಷಣದಲ್ಲಿ ವಾಹನ ಉರುಳುತ್ತದೆ. ಒಂದು ಉದಾಹರಣೆ ತೆಗೆದುಕೊಳ್ಳೋಣ. ಎರಡು ಬದಿಯ ಚಕ್ರಗಳ ನಡುವಿನ ಅಂತರ 48 ಅಂಗುಲ, ಗುರುತ್ವಕೇಂದ್ರದ ಎತ್ತರ 24 ಅಂಗುಲ ಎಂದಿರಲಿ. ನಿಂತ ಜೀಪು ಉರುಳಲು 45 ಡಿಗ್ರಿ ವಾಲಬೇಕು. ದೊಡ್ಡ ಟೈರು ಹಾಕಿ, ಸ್ಪ್ರಿಂಗು ಎತ್ತರಿಸಿ ಆ ಕೇಂದ್ರವನ್ನು 28 ಅಂಗುಲಕ್ಕೆ ಏರಿಸಿದರೆ ಸುಮಾರು 40 ಡಿಗ್ರಿಗೇ ಉರುಳುತ್ತದೆ. ಇದು ನಿಂತ ವಾಹನದ ಲೆಕ್ಕ. ಓಡುತ್ತಿರುವಾಗ, ತಿರುವಿನಲ್ಲಿ, ಒಂದು ಚಕ್ರ ಹಳ್ಳಕ್ಕೆ ಬಿದ್ದಾಗ, ಇದಕ್ಕಿಂತ ಬಹಳ ಬೇಗನೆ ಉರುಳೀತು.

ಹಾಗೆ ಉರುಳಿದಾಗ ಕಾರಿಗಾದರೆ ಉಕ್ಕಿನ ಮಾಡು ಇದೆ. ತೆರೆದ ಜೀಪಿಗೆ ಕುಳಿತವನ ತಲೆಯೇ ಮಾಡು. ಟ್ರಾಕ್ಟರುಗಳ ವಿಷಯದಲ್ಲಿ ಈ ಅಪಾಯವನ್ನು ಮೊದಲು ಮನಗಂಡ ದೇಶಗಳಲ್ಲಿ ಸ್ವೀಡನ್ ಒಂದು. 1959ರಲ್ಲಿಯೇ ಅಲ್ಲಿ ಹೊಸ ಟ್ರಾಕ್ಟರುಗಳಿಗೆ ಇಂಥ ರಕ್ಷಣಾ ಚೌಕಟ್ಟು ಕಡ್ಡಾಯವಾಯಿತು. ನಮ್ಮ ದೇಶದಲ್ಲಿ 2020ರಲ್ಲಿ ಬಂದ ಹೊಸ ಮಾದರಿಯ ಮಹೀಂದ್ರ ಥಾರ್ ಕಾರ್ಖಾನೆಯಿಂದಲೇ ಪಂಜರ ಸಹಿತವಾಗಿ ಹೊರಬಂದಿತು. ಹಳೆಯ ಜೀಪುಗಳ ಒಡೆಯರು ಮಾತ್ರ ಗ್ಯಾರೇಜನ್ನೇ ನಂಬಬೇಕು.

ಕಾಗದ ಕಲಿಸಿದ ಪಾಠ

ನಾವು ಮೊದಲು ಹೋದ ಗ್ಯಾರೇಜಿನಲ್ಲಿ ತೋರಿಸಿದ್ದು ನೀರಿನ ಜಿ.ಐ. ಪೈಪು; ಮಿರಮಿರನೆ ಮಿನುಗುತ್ತಿತ್ತು. ಅದರ ಮೇಲೆ ನಾಲ್ಕು ದೀಪ ಕೂಡಿಸಿ ಕೊಡುವುದಾಗಿಯೂ ಹೇಳಿದರು. ಚಿಕ್ಕಪ್ಪನಿಗೆ ಬಹಳ ಮೆಚ್ಚಿಕೆಯಾಯಿತು. ಇನ್ನು ಕೆಲವರು, “ಪೊಳ್ಳು ಪೈಪು ಯಾಕೆ? ಗಟ್ಟಿ ಕಂಬಿ ಹಾಕಿಸಿ” ಎಂದರು. ಯಾರ ಮಾತು ಸರಿ?

ಅಂದು ರಾತ್ರಿ ನೋಟುಬುಕ್ಕಿನಿಂದ ಒಂದು ಹಾಳೆ ಹರಿದು ಚಿಕ್ಕಪ್ಪನ ಮುಂದೆ ಹಿಡಿದೆ. ಬಿಡಿ ಹಾಳೆ ತನ್ನ ಭಾರಕ್ಕೆ ತಾನೇ ಬಾಗಿತು. ಅದನ್ನೇ ಸುರುಳಿ ಸುತ್ತಿ, ದಾರ ಕಟ್ಟಿ ನೆಟ್ಟಗೆ ನಿಲ್ಲಿಸಿ, ಮೇಲೆ ನನ್ನ ಅರ್ಥಶಾಸ್ತ್ರದ ಪುಸ್ತಕ ಇಟ್ಟೆ. ನಿಂತಿತು, ಎರಡನೆಯ ಪುಸ್ತಕಕ್ಕೂ ನಿಂತಿತು. ಬಾಗುವಿಕೆಯನ್ನು ತಡೆಯುವ ಶಕ್ತಿ ವಸ್ತುವಿನ ಮಧ್ಯದಲ್ಲಿರುವುದಿಲ್ಲ, ಅಂಚಿನಲ್ಲಿರುತ್ತದೆ. ಕೊಳವೆಯಲ್ಲಿ ಉಕ್ಕೆಲ್ಲ ಅಂಚಿಗೇ ಸೇರಿರುತ್ತದೆ. ಲೆಕ್ಕ ಹಾಕಿ ನೋಡಿದೆ: 45 ಮಿಲಿಮೀಟರು ಹೊರವ್ಯಾಸ, 2.5 ಮಿಲಿಮೀಟರು ದಪ್ಪದ ಪೈಪು ಮೀಟರಿಗೆ ಸುಮಾರು 2.6 ಕಿಲೋ ತೂಗುತ್ತದೆ. ಅಷ್ಟೇ ತೂಕದ ಗಟ್ಟಿ ಕಂಬಿಯ ವ್ಯಾಸ 20 ಮಿಲಿಮೀಟರಿಗೆ ಸ್ವಲ್ಪ ಹೆಚ್ಚು. ಬಾಗುವುದನ್ನು ತಡೆಯುವುದರಲ್ಲಿ ಆ ಕಂಬಿಗಿಂತ ಈ ಪೈಪು ಹೆಚ್ಚುಕಡಿಮೆ ನಾಲ್ಕು ಪಟ್ಟು ಬಲಶಾಲಿ.

ಆಗ ಚಿಕ್ಕಪ್ಪ ಸುಮ್ಮನೆ ಕೈಚಾಚಿ ಸುರುಳಿಯ ನಡುವೆ ಬೆರಳಿನಿಂದ ಒತ್ತಿದರು. ಸುರುಳಿ ನೆಗ್ಗಿತು, ಪುಸ್ತಕಗಳು ಬಿದ್ದವು. ಪಾಠದ ಉತ್ತರಾರ್ಧವನ್ನು ಅವರೇ ಹೇಳಿಕೊಟ್ಟಂತಾಯಿತು. ತೆಳುವಾದ ಕೊಳವೆ ಒಂದು ಕಡೆ ನೆಗ್ಗಿದರೆ ಅದರ ಶಕ್ತಿಯೆಲ್ಲ ಅಲ್ಲಿಗೇ ಮುಗಿಯಿತು. ಆದ್ದರಿಂದಲೇ ಮೋಟಾರು ಪಂದ್ಯಗಳ ಅಂತರರಾಷ್ಟ್ರೀಯ ಸಂಸ್ಥೆಯಾದ ಎಫ್.ಐ.ಎ. ತನ್ನ ನಿಯಮಗಳಲ್ಲಿ ವ್ಯಾಸದ ಜೊತೆಗೆ ದಪ್ಪವನ್ನೂ ಗೊತ್ತುಮಾಡಿದೆ. ಮುಖ್ಯ ಕಮಾನಿಗೆ 45 ಮಿಲಿಮೀಟರು ವ್ಯಾಸ, 2.5 ದಪ್ಪ, ಇಲ್ಲವೆ 50 ವ್ಯಾಸ, 2 ದಪ್ಪ. ಪೈಪು ಬೆಸುಗೆಯ ಗೆರೆಯಿಲ್ಲದ ಸೀಮ್‌ಲೆಸ್ ಜಾತಿಯದಾಗಿರಬೇಕು. ಬಗ್ಗಿಸಿದ ಕಡೆ ತಿರುವಿನ ತ್ರಿಜ್ಯವು ಪೈಪಿನ ವ್ಯಾಸದ ಮೂರು ಪಟ್ಟಿಗಿಂತ ಕಡಿಮೆಯಾಗಬಾರದು. ಅಲ್ಲಿ ಸುಕ್ಕೂ ಬೀಳಬಾರದು. ಜಿ.ಐ. ಪೈಪಿನಲ್ಲಿ ಇನ್ನೊಂದು ಕೇಡಿದೆ. ಅದರ ಸತುವಿನ ಲೇಪ ವೆಲ್ಡಿಂಗಿನ ಕಾವಿಗೆ ಹೊಗೆಯಾಗಿ ಎದ್ದು, ಕೆಲಸಗಾರನಿಗೆ ಜ್ವರ ಬರಿಸಬಲ್ಲದು.

ಪಾದಗಳೇ ಪ್ರಧಾನ

ಎರಡನೆಯ ಗ್ಯಾರೇಜಿನ ಮೇಸ್ತ್ರಿಯವರು ಹೆಚ್ಚು ಮಾತಿನವರಲ್ಲ. ನಾನು ಬರೆದುಕೊಂಡು ಹೋಗಿದ್ದ ಹಾಳೆಯನ್ನು ನೋಡಿ, “ಪೈಪು ಸರಿ ತಮ್ಮಾ, ಕಾಲು ಎಲ್ಲಿ ಊರ್ತೀಯ?” ಎಂದು ಕೇಳಿದರು. ನನ್ನ ಬಳಿ ಉತ್ತರವಿರಲಿಲ್ಲ.

ಪಂಜರದ ರಚನೆ ಹೀಗೆ: ಚಾಲಕನ ಬೆನ್ನ ಹಿಂದೆ ಮುಖ್ಯ ಕಮಾನು, ಗಾಜಿನ ಬಳಿ ಮುಂಗಮಾನು, ಎರಡನ್ನೂ ತಲೆಯ ಮಟ್ಟಕ್ಕಿಂತ ಮೇಲೆ ಕೂಡಿಸುವ ಎರಡು ಉದ್ದ ಪೈಪುಗಳು, ಮುಖ್ಯ ಕಮಾನಿನಿಂದ ಹಿಂದಕ್ಕೆ ಇಳಿಯುವ ಎರಡು ಊರೆಗಳು, ಕಮಾನಿನೊಳಗೆ ಮೂಲೆಯಿಂದ ಮೂಲೆಗೆ ಒಂದು ಓರೆಪೈಪು. ಚೌಕವನ್ನು ಪಕ್ಕಕ್ಕೆ ನೂಕಿದರೆ ವಾಲುತ್ತದೆ, ತ್ರಿಕೋಣ ವಾಲುವುದಿಲ್ಲ. ಓರೆಪೈಪಿನ ಗುಟ್ಟು ಇಷ್ಟೇ. ಒಟ್ಟು ಆರು ಪಾದಗಳು.

ಈ ಪಾದಗಳನ್ನು ಜೀಪಿನ ನೆಲದ ತಗಡಿಗೆ ಬರಿದೆ ವೆಲ್ಡ್ ಮಾಡಿದರೆ, ಮಗುಚಿದಾಗ ಪೈಪು ನೆಟ್ಟಗೇ ಉಳಿದು ತಗಡನ್ನು ತೂತು ಮಾಡಿಕೊಂಡು ಕೆಳಗಿಳಿಯುತ್ತದೆ. ಆದ್ದರಿಂದ ಪ್ರತಿ ಪಾದಕ್ಕೂ ದಪ್ಪ ಪ್ಲೇಟು ಬೇಕು. ತಗಡಿನ ಕೆಳಗೆ ಇನ್ನೊಂದು ಪ್ಲೇಟು ಬೇಕು. ಎಫ್.ಐ.ಎ. ಪ್ರಕಾರ ಮುಖ್ಯ ಕಮಾನಿನ ಬಲಪ್ಲೇಟು 3 ಮಿಲಿಮೀಟರು ದಪ್ಪ, 120 ಚದರ ಸೆಂಟಿಮೀಟರು ಅಗಲವಾದರೂ ಇರಬೇಕು. ಪಾದಕ್ಕೆ 8 ಮಿಲಿಮೀಟರಿನ ಮೂರು ಬೋಲ್ಟುಗಳಾದರೂ ಇರಬೇಕು. ಮೇಸ್ತ್ರಿಯವರು ಕೆಳಗಿನ ಪ್ಲೇಟುಗಳನ್ನು ಚಾಸಿಗೂ ಬಂಧಿಸಿದರು. ಜೀಪಿನ ಮೈ ರಬ್ಬರಿನ ಮೇಲೆ ಕುಳಿತಿರುತ್ತದೆ. ಚಾಸಿ ಹಳ್ಳದಲ್ಲಿ ತಿರುಚುತ್ತದೆ. ಆದ್ದರಿಂದ ಆ ಕಟ್ಟುಗಳಲ್ಲಿ ರಬ್ಬರಿನ ಬಿಲ್ಲೆ ಇಟ್ಟರು. “ಬಿಗಿಯಾಗಿ ಹಿಡಿದ್ರೆ ವೆಲ್ಡೇ ಬಿರುಕು ಬಿಡುತ್ತೆ” ಎಂದರು. ಇದು ನನ್ನ ಹಾಳೆಯಲ್ಲಿ ಇರಲಿಲ್ಲ.

ಎತ್ತರ ನಿಶ್ಚಯಿಸಲು ಅವರು ಹಿಂದಿನ ಕಮಾನಿನ ತುದಿಯಿಂದ ಮುಂದಿನದರ ತುದಿಗೆ ಒಂದು ಬಿದಿರುಗಳು ಅಡ್ಡ ಇಟ್ಟು, ಚಿಕ್ಕಪ್ಪನನ್ನು ಸೀಟಿನಲ್ಲಿ ಕೂಡಿಸಿದರು. ತಲೆಗೂ ಗಳುವಿಗೂ ನಡುವೆ ಅಂಗೈ ಅಗಲದ ಜಾಗ ಬರುವವರೆಗೆ ಕಮಾನು ಏರಿಸಿದರು. ಸುಮಾರು 13 ಮೀಟರು ಪೈಪು ಹಿಡಿಯಿತು. ತೂಕ 34 ಕಿಲೋದಷ್ಟು. ಅಷ್ಟು ಭಾರ ಮೇಲೆ ಕುಳಿತಾಗ ಗುರುತ್ವಕೇಂದ್ರವೂ ಎರಡು ಸೆಂಟಿಮೀಟರಿಗೆ ಸಮೀಪ ಏರುತ್ತದೆ. ಜೀಪು ಉರುಳುವ ಕೋನ ಒಂದು ಡಿಗ್ರಿಗಿಂತ ಸ್ವಲ್ಪ ಕಡಿಮೆಯಷ್ಟು ಕುಗ್ಗುತ್ತದೆ. ಪಂಜರವು ಮಗುಚುವುದನ್ನು ತಪ್ಪಿಸುವುದಿಲ್ಲ ಎಂಬುದನ್ನು ನೆನಪಿಡಬೇಕು. ಮಗುಚಿದ ಮೇಲೆ ಕುಳಿತವನಿಗೆ ಜಾಗ ಉಳಿಸುತ್ತದೆ, ಅಷ್ಟೆ.

ಬೆಲ್ಟಿಲ್ಲದ ಪಂಜರ

ಆ ಉಳಿದ ಜಾಗದಲ್ಲಿ ಕುಳಿತವನೂ ಉಳಿಯಬೇಕಲ್ಲವೆ? ಸೀಟ್ ಬೆಲ್ಟ್ ಇಲ್ಲದಿದ್ದರೆ ಅವನು ಹೊರಕ್ಕೆ ಎಸೆಯಲ್ಪಟ್ಟು ಪಂಜರದ ಅಡಿಗೇ ಸಿಕ್ಕಬಹುದು. ಇಲ್ಲವೆ ತಲೆ ಪೈಪಿಗೇ ಬಡಿಯಬಹುದು. ತಗಡಿಗಿಂತ ಪೈಪು ಗಟ್ಟಿ, ಪೆಟ್ಟೂ ಗಟ್ಟಿ. ಆದ್ದರಿಂದ ತಲೆಯ ಹತ್ತಿರದ ಪೈಪುಗಳಿಗೆ ದಪ್ಪ ಮೆತ್ತೆ ಸುತ್ತಿಸಿದೆವು. ಇಬ್ಬರಿಗೂ ಬೆಲ್ಟು ಹಾಕಿಸಿದೆವು. ಚಿಕ್ಕಪ್ಪ ಮೊದಲು ಒಪ್ಪಲಿಲ್ಲ. “ಅವತ್ತು ಎಸೆದಿದ್ದಕ್ಕೇ ಬದುಕಿದೆ ಕಣೋ” ಎಂದರು. “ಅವತ್ತು ಒಳಗೆ ಜಾಗವೇ ಇರಲಿಲ್ಲ ಚಿಕ್ಕಪ್ಪ, ಈಗ ಇದೆ” ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಎಡಗೈಯಿಂದ ಬೆಲ್ಟು ಎಳೆದುಕೊಂಡರು. ಬಲಗೈ ಅಷ್ಟು ಮೇಲೆ ಏಳುವುದಿಲ್ಲ.

ಕಾನೂನಿನ ಮಾತು

1988ರ ಮೋಟಾರು ವಾಹನಗಳ ಕಾಯಿದೆಯ 52ನೆಯ ಕಲಮು ನೋಂದಣಿಯಾದ ವಾಹನವನ್ನು ತಯಾರಕರ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ಮಾರ್ಪಡಿಸುವುದನ್ನು ನಿರ್ಬಂಧಿಸುತ್ತದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನು ಎತ್ತಿ ಹಿಡಿಯಿತು. ಆದ್ದರಿಂದ ಮೊದಲು ಸಾರಿಗೆ ಕಚೇರಿಯಲ್ಲಿ ವಿಚಾರಿಸುವುದು ಉಚಿತ. ನಾವು ಅರ್ಜಿ ಕೊಟ್ಟಿದ್ದೇವೆ; ಉತ್ತರ ಬರುವವರೆಗೆ ಜೀಪು ತೋಟದ ದಾರಿಯನ್ನು ಬಿಟ್ಟು ರಸ್ತೆಗೆ ಇಳಿಯುವುದಿಲ್ಲ.

ಉಪಸಂಹಾರ

ನಮ್ಮೂರು ಉಕ್ಕಿಗೂ ಕಾಗದಕ್ಕೂ ಹೆಸರಾದ ಊರು. 1923ರಲ್ಲಿ ಕಬ್ಬಿಣ ತಯಾರಿಸಲು ತೊಡಗಿದ ಕಾರ್ಖಾನೆ ಹೊಳೆಯ ದಂಡೆಯ ಮೇಲಿದೆ. 1936ರಲ್ಲಿ ಸ್ಥಾಪಿತವಾದ ಕಾಗದದ ಕಾರ್ಖಾನೆಯಿಂದ ನಮ್ಮ ಬಡಾವಣೆಗೇ ಹೆಸರು ಬಂದಿದೆ. ಇಂಥ ಊರಿನಲ್ಲಿ ಹುಟ್ಟಿಯೂ ಉಕ್ಕಿನ ಗುಣವನ್ನು ನಾನು ಅರಿತದ್ದು ಒಂದು ಕಾಗದದ ಹಾಳೆಯಿಂದ, ಒಬ್ಬ ಮೇಸ್ತ್ರಿಯ ಪ್ರಶ್ನೆಯಿಂದ.

ಸಹಪಾಠಿಗಳಲ್ಲಿ ಒಂದು ವಿನಂತಿ. ರಜೆಯಲ್ಲಿ ಕೊಡಚಾದ್ರಿಗೋ ಇನ್ನೆಲ್ಲಿಗೋ ತೆರೆದ ಜೀಪಿನಲ್ಲಿ ಹೋಗುವಾಗ ಮೇಲಿನ ಪೈಪನ್ನು ನೋಡಿ ಧೈರ್ಯ ತಾಳಬೇಡಿರಿ. ಶೋಭೆಗೆ ಹಾಕಿಸಿದ ಪಂಜರ ಇಲ್ಲದ್ದಕ್ಕಿಂತ ಕೇಡು. ಇಲ್ಲದಿದ್ದರೆ ಚಾಲಕನು ಮೆಲ್ಲಗಾದರೂ ಹೋಗುತ್ತಾನೆ. ಒಮ್ಮೆ ಬಗ್ಗಿ, ಆ ಪೈಪಿನ ಕಾಲು ಎಲ್ಲಿ ಊರಿದೆ ಎಂದು ನೋಡಿರಿ. ಆಮೇಲೆ ಹತ್ತಿರಿ.